ತೋಟಾ ತುಂಬುವ ಕೈ

ಮೂಡಿಗೆರೆ, ಕಳಸದ ಸೀಮೆಯಲ್ಲಿ ಬೇಟೆಯ ಕಥೆ ಹೇಳುವವರು ಹಂದಿಯನ್ನು ಬಣ್ಣಿಸುವಷ್ಟು ಕೋವಿಯ ತೋಟಾವನ್ನು ಬಣ್ಣಿಸುವುದಿಲ್ಲ. ನನಗಾದರೋ ಅಜ್ಜನ ಕಾಲದ ಹಿತ್ತಾಳೆಯ ತೋಟಾಗಳ ಮೇಲೆಯೇ ಮೋಹ. ರಟ್ಟಿನ ತೋಟಾ ಮಲೆನಾಡಿನ ಮಳೆಗಾಲದ ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುವುದು. ಹಿತ್ತಾಳೆಯದು ಹಾಗಲ್ಲ, ಹಾರಿಸಿದ ಮೇಲೂ ಮತ್ತೆ ಮತ್ತೆ ಕೆಲಸಕ್ಕೆ ಬರುವುದು. ಸುಟ್ಟ ಕೇಪನ್ನು ಕಿತ್ತು, ಒಳಗಿನ ಕರಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಹೊಸ ಕೇಪು, ಮದ್ದು, ರಟ್ಟಿನ ಬಿಲ್ಲೆ, ಚರೆ ಎಂದು ತುಂಬುತ್ತಿದ್ದರಂತೆ. ಆ ಹೊತ್ತಿನಲ್ಲಿ ಅಜ್ಜ ಯಾರೊಡನೆಯೂ ಮಾತಾಡುತ್ತಿರಲಿಲ್ಲವೆಂದು ತಂದೆಯವರು ಹೇಳುತ್ತಿದ್ದರು. ಅಳತೆ ಕುಗ್ಗಿದರೆ ಗಾಯಗೊಂಡ ಹಂದಿ ತಿರುಗಿ ಮೇಲೆ ಬೀಳುವುದು. ಮಿಗಿಲಾದರೆ ನಳಿಗೆಯೇ ಸಿಡಿದು ಹಾರಿಸಿದವನ ಕೈ ಹೋಗುವುದು.

ಹೆಸರುಗಳನ್ನು ನೋಡಿ: ಕಾಡತೂಸು ಪೋರ್ಚುಗೀಸರಿಂದ ಬಂದುದು, ಕೇಪು ಇಂಗ್ಲಿಷರಿಂದ. ಮದ್ದು ಮಾತ್ರ ಅಚ್ಚಗನ್ನಡ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ನಮ್ಮವರಿಗೆ ಅದೊಂದೇ ಮಾತು!

1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ; 1972ರ ವನ್ಯಜೀವಿ ಕಾಯಿದೆ ಬೇಟೆಗೇ ಕಡಿವಾಣ ಹಾಕಿತು. ಆದದ್ದು ಒಳ್ಳೆಯದೆಂದೇ ನನ್ನ ಎಣಿಕೆ. ಗದ್ದೆಗೆ ಹಂದಿ ಇಳಿಯುವುದು ಮಾತ್ರ ನಿಂತಿಲ್ಲ. ಭತ್ತ ತೆನೆಗಟ್ಟುವ ರಾತ್ರಿಗಳಲ್ಲಿ ಈಗ ಅಲ್ಲಿ ಪಟಾಕಿಯ ಸದ್ದು ಕೇಳುತ್ತದೆ.