ಸೊಂಡಿಲು ಬಂದ ಮೊಸಳೆ

ಅರಸೀಕೆರೆಯಲ್ಲಿ ರೈಲಿಳಿದು ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಹೋಗುವಾಗ ಕಾಣುವುದು ತೆಂಗಿನ ತೋಟ, ರಾಗಿ ಹೊಲ. ಮೊಸಳೆ ಈಜುವಂಥ ಹೊಳೆ ಕಣ್ಣಿಗೆ ಬೀಳದು. ಹೊಯ್ಸಳೇಶ್ವರ ಗುಡಿಯ ಸುತ್ತ ಮಾತ್ರ ಮಕರಗಳ ಸಾಲೇ ಇದೆ. ಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕತೆ, ಏಳನೆಯದು ಮಕರ, ಅದರ ಮೇಲೆ ಹಂಸ.

ಗೈಡುಗಳಿಗೆ ಈ ಮಕರ ಬಾಯಿಪಾಠ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ಕೋತಿಯ ಕಣ್ಣು, ಹಸುವಿನ ಕಿವಿ, ನವಿಲಿನ ಬಾಲ. ಕಲ್ಲಿನಲ್ಲಿ ಕೋತಿಯ ಕಣ್ಣನ್ನು ಯಾರು ಹೇಗೆ ಗುರುತು ಹಿಡಿದರೋ! ಬಾಲವೂ ನನಗೆ ಸುರುಳಿ ಬಿಚ್ಚಿದ ಬಳ್ಳಿಯಂತೆಯೇ ಕಾಣುತ್ತದೆ. ಬಾಯಿಯ ಬಗ್ಗೆ ತಕರಾರಿಲ್ಲ. ಮೊಸಳೆಗೆ ತುಟಿಯಿಲ್ಲ, ಬಾಯಿ ಮುಚ್ಚಿದರೂ ಹಲ್ಲು ಹೊರಗೇ. ಶಿಲ್ಪಿಯೂ ದವಡೆಯ ಅಂಚಿಗೆ ಹಲ್ಲುಗಳನ್ನು ಒಂದೊಂದಾಗಿ ಕಂಡರಿಸಿದ್ದಾನೆ.

ಮೊಸಳೆಯ ಮೇಲ್ದವಡೆ ತಲೆಬುರುಡೆಗೇ ಬೆಸೆದ ಮೂಳೆ. ಅದು ಬಾಗದು. ಸೊಂಡಿಲಿನಲ್ಲಿ ಮೂಳೆಯೇ ಇಲ್ಲ, ಎಲ್ಲ ಸ್ನಾಯು. ಎತ್ತ ಬೇಕಾದರೂ ಮಡಚಬಹುದು. ಶಿಲ್ಪಿಗೆ ಬೇಕಾದದ್ದು ಇದೇ ಇರಬೇಕೆಂದು ನನ್ನ ಊಹೆ. ಕಿರಿದಾದ ಪಟ್ಟಿಕೆಯಲ್ಲಿ ಬರೀ ಮೊಸಳೆ ಕಡೆದರೆ ಅದು ಉದ್ದಕ್ಕೆ ಮಲಗಿಬಿಡುತ್ತದೆ, ಬೆನ್ನಿನ ಮೇಲೆ ಜಾಗವೆಲ್ಲ ಖಾಲಿ. ಮೂತಿಯನ್ನೂ ಬಾಲವನ್ನೂ ಮೇಲಕ್ಕೆ ಸುತ್ತಿದರೆ ಆ ಜಾಗ ತುಂಬುತ್ತದೆ. ನುಣುಪಾದ ಬಳಪದ ಕಲ್ಲು ಇಂಥ ಸುರುಳಿ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮಕರ ಹೊಯ್ಸಳರ ಸೃಷ್ಟಿಯಲ್ಲ. ಬಿಹಾರದ ಬರಾಬರ್ ಗುಡ್ಡದ ಲೋಮಸ ಋಷಿ ಗುಹೆಯ ಬಾಗಿಲಲ್ಲಿ ಆನೆಗಳ ಸಾಲಿನ ಎರಡು ತುದಿಗೂ ಮಕರವಿದೆ, ಅದು ಕ್ರಿ.ಪೂ. 3ನೇ ಶತಮಾನದ್ದು.

ಹೆಸರು ಸಂಸ್ಕೃತದ್ದು, ಅದರ ಬೇರು ಯಾವುದೆಂಬ ವಾದ ಇನ್ನೂ ಮುಗಿದಿಲ್ಲ. ಹಿಂದಿಯಲ್ಲಿ ಅದು ‘ಮಗರ್’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಮಗ್ಗರ್’. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ನಮ್ಮ ಮೊಸಳೆಯೇ ಮಗ್ಗರ್. ಜೀವವಿಜ್ಞಾನಿಗಳ ಪಟ್ಟಿಯಲ್ಲಿ ಕ್ರೊಕೊಡೈಲಸ್ ಪಾಲುಸ್ಟ್ರಿಸ್, ಅಂದರೆ ಜೌಗಿನ ಮೊಸಳೆ. ಹಿಂದಿಯವರು ಹೆಸರನ್ನು ಪ್ರಾಣಿಗೇ ಉಳಿಸಿಕೊಂಡರು. ನಾವು ಪ್ರಾಣಿಯನ್ನು ಮೊಸಳೆ ಎಂದು ಕರೆದು, ಮಕರವನ್ನು ತೋರಣಕ್ಕೂ ಪಂಚಾಂಗಕ್ಕೂ ಬಿಟ್ಟೆವು. ಪಂಚಾಂಗದ ರಾಶಿಯ ಕತೆಯೇ ಬೇರೆ: ಬ್ಯಾಬಿಲೋನಿನಲ್ಲಿ ಅದಕ್ಕೆ ಆಡಿನ ತಲೆ, ಮೀನಿನ ಬಾಲ. ಗ್ರೀಕರ ಕೈದಾಟಿ ಇಲ್ಲಿಗೆ ಬಂದಾಗ ನಮ್ಮ ಜ್ಯೋತಿಷಿಗಳು ಆಡನ್ನು ಇಳಿಸಿ ಮಕರವನ್ನು ಕೂರಿಸಿದರು. ಥಾಯ್ಲೆಂಡಿನಲ್ಲಿ ಜನವರಿಗೆ ಈಗಲೂ ಮಕರಾಖೋಮ್ ಎಂದೇ ಹೆಸರು. ಸಿಂಹಳದಲ್ಲಿ ‘ಮಕರಾ’ ಎಂದರೆ ಬೆಂಕಿಯುಗುಳುವ ಡ್ರ್ಯಾಗನ್. ನೀರಿನ ಪ್ರಾಣಿಗೆ ಬೆಂಕಿ!

ಬೇಲೂರಿನ ಚೆನ್ನಕೇಶವನ ಬಾಗಿಲ ಮೇಲೂ ಮಕರತೋರಣವಿದೆ. ಆದರೆ ನೋಡಬೇಕಾದ್ದು ಹಳೇಬೀಡಿನ ದಕ್ಷಿಣದ ಬಾಗಿಲು: ನಡುವೆ ತಾಂಡವದ ಶಿವ, ಎಡಬಲದಲ್ಲಿ ವರುಣ ದಂಪತಿಯನ್ನು ಹೊತ್ತ ದಪ್ಪ ಮಕರಗಳು. ಅಲ್ಲಿ ಜಾಗಕ್ಕೆ ಬರವಿರಲಿಲ್ಲ, ನನ್ನ ಊಹೆಯ ಪ್ರಕಾರ ಮೂತಿ ಸುತ್ತುವ ಅಗತ್ಯವೂ ಇರಲಿಲ್ಲ. ಆದರೂ ಸೊಂಡಿಲಿದೆ. ಅಷ್ಟು ಹೊತ್ತಿಗೆ ಸೊಂಡಿಲಿಲ್ಲದ್ದನ್ನು ಮಕರವೆಂದು ಯಾರೂ ಒಪ್ಪುತ್ತಿರಲಿಲ್ಲವೇನೋ.