ನೀಲಿ ಮಾತ್ರೆ ಮತ್ತು ಊಟದ ಮೇಲಿನ ಚಹಾ

ಬೇಸಿಗೆ ರಜೆಯಲ್ಲಿ ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಸೇರಿ ನಾನು ಒಂದು ಕಿರು ಸಂಶೋಧನೆ ಮಾಡಿದೆ. ವಿಷಯ, ಹದಿಹರೆಯದ ಹುಡುಗಿಯರಲ್ಲಿ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಕರ್ನಾಟಕದಲ್ಲಿ ಇದು ಸುಮಾರು ಶೇ. 48, ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಕೆ. ಇಂಥವಳನ್ನು ನಾವು ಸೋಮಾರಿ ಎಂದುಬಿಡುತ್ತೇವೆ!

100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ನಮ್ಮ ವಯಸ್ಸಿನ ಹುಡುಗಿಯರಿಗೆ ಅದು ರಕ್ತಹೀನತೆ. ಪರೀಕ್ಷೆ ಮಾಡುತ್ತಿದ್ದುದು ನರ್ಸ್ ಅಕ್ಕ, ನಾನು ಬರೆದುಕೊಳ್ಳುತ್ತಿದ್ದೆ ಅಷ್ಟೆ. ಬೆರಳಿಗೆ ಚುಚ್ಚಿದಾಗ ಬರುವ ಮೊದಲ ಹನಿಯನ್ನು ಒರೆಸಿಬಿಡುತ್ತಾರೆ. ಬೆರಳನ್ನು ಹಿಂಡುವಂತಿಲ್ಲ, ಹಿಂಡಿದರೆ ಒಳಗಿನ ನೀರಿನಂಶ ಬೆರೆತು ಅಂಕಿ ತಪ್ಪಾಗುತ್ತದೆ. ನನ್ನ ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ, ಸಂಖ್ಯೆ ಮಾತ್ರ. 18 ತುಂಬದವರಾದ್ದರಿಂದ ಪೋಷಕರ ಒಪ್ಪಿಗೆ ಬೇಕು, ಹುಡುಗಿಯ ಒಪ್ಪಿಗೆಯೂ ಬೇಕು.

ಪ್ರಶ್ನೆ ಕೇಳುವುದೇ ಒಂದು ವಿದ್ಯೆ. "ಚಹಾ ಕುಡಿಯುತ್ತೀಯಾ?" ಎಂದರೆ ಎಲ್ಲರದ್ದೂ ಹೌದು, ಅದರಿಂದ ಏನೂ ತಿಳಿಯುವುದಿಲ್ಲ. "ಊಟವಾಗಿ ಎಷ್ಟು ಹೊತ್ತಿಗೆ?" ಎಂದು ಕೇಳಬೇಕು. ಚಹಾದಲ್ಲಿರುವ ಟ್ಯಾನಿನ್ ಸೊಪ್ಪು, ಬೇಳೆ, ರಾಗಿಯಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡು ಅದು ಕರುಳಿನಲ್ಲಿ ಹೀರಲ್ಪಡದಂತೆ ತಡೆಯುತ್ತದೆ. ಚಹಾ ಬಿಡಬೇಕೆಂದಿಲ್ಲ (ನಮ್ಮ ಮನೆಗಳಲ್ಲಿ ಅದು ಆಗುವ ಮಾತೂ ಅಲ್ಲ), ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಇರಲಿ. ಊಟದ ಜೊತೆ ಲಿಂಬೆ ಹಿಂಡಿಕೊಂಡರೆ ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಮೀನು, ಮಾಂಸದಲ್ಲಿರುವ ಕಬ್ಬಿಣವಂತೂ ದೇಹಕ್ಕೆ ಸುಲಭವಾಗಿ ಸೇರುತ್ತದೆ.

ಇನ್ನು ನೀಲಿ ಮಾತ್ರೆ. ವಾರಕ್ಕೊಂದರಂತೆ ಸರ್ಕಾರ ಉಚಿತವಾಗಿ ಕೊಡುವ ಇದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕೈಗೆ ಬಂದ ಮಾತ್ರೆ ಹೊಟ್ಟೆಗೆ ಹೋಗುವುದಿಲ್ಲ ಎನ್ನುವುದೇ ಸಮಸ್ಯೆ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದವರು ಮತ್ತೆ ಮುಟ್ಟುವುದಿಲ್ಲ. ಮಲ ಕಪ್ಪಾದಾಗ ಹೆದರುತ್ತಾರೆ. "ಅದು ಮೈಗೆ ಉಷ್ಣ" ಎಂದು ಅಜ್ಜಿ ಎತ್ತಿಡುತ್ತಾರೆ. ಬಣ್ಣ ಬದಲಾಗುವುದು ಉಳಿದ ಕಬ್ಬಿಣದಿಂದ, ಅಪಾಯವಿಲ್ಲ. ಊಟವಾದ ಮೇಲೆ ನೀರಿನಲ್ಲಿ ನುಂಗಿದರೆ ವಾಕರಿಕೆಯೂ ಕಡಿಮೆ. ರಂಝಾನ್ ತಿಂಗಳಲ್ಲಿ ಇಫ್ತಾರ್ ನಂತರದ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಮಾತ್ರೆ ತಿಂದೂ ಹಿಮೋಗ್ಲೋಬಿನ್ ಏರದಿದ್ದರೆ ಕಾರಣ ಬೇರೆ ಇರಬಹುದು, ವೈದ್ಯರಿಗೆ ತೋರಿಸಲೇಬೇಕು.

ನನ್ನ ಲೆಕ್ಕದಲ್ಲಿರುವುದು ಕೇಂದ್ರಕ್ಕೆ ಬಂದವರು ಮಾತ್ರ. ಬರುವಷ್ಟು ಬಿಡುವು ಸಿಗದವರು, ಬರಲು ಮನೆಯಲ್ಲಿ ಬಿಡದವರು ಅದರಲ್ಲಿಲ್ಲ. ಆದ್ದರಿಂದ ನಮ್ಮೂರಿನ ಇಂತಿಷ್ಟು ಹುಡುಗಿಯರಿಗೆ ರಕ್ತಹೀನತೆ ಇದೆ ಎಂದು ಈ ಪುಸ್ತಕ ನೋಡಿ ಹೇಳಲಾಗದು. ದಸರಾ ರಜೆಯಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗಲು ವೈದ್ಯರು ಒಪ್ಪಿದ್ದಾರೆ. ಬರೆದುಕೊಳ್ಳಲು ಇನ್ನಿಬ್ಬರು ಬೇಕು.