ರಿಕವರಿ ಮೋಡ್‌ನಲ್ಲಿ ನೆಟ್ ಎಬ್ಬಿಸುವ ಬಗೆ

ಉಬುಂಟು ಹಾಕಿರುವ ಕಂಪ್ಯೂಟರು ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು ಅನ್ನಿ. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಲೋಗೋ ಮಿಂಚಿ ಮಾಯವಾಗುತ್ತದೆ, ಆಮೇಲೆ ಬರೀ ಕಪ್ಪು ಪರದೆ. ‘ಫಾರ್ಮ್ಯಾಟ್ ಹೊಡೆದುಬಿಡಿ’ ಎಂದು ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಇಂಥ ಕಡೆ ಸಾಮಾನ್ಯವಾಗಿ ಕೆಟ್ಟಿರುವುದು ಅರ್ಧಕ್ಕೆ ನಿಂತ ನಾಲ್ಕಾರು ಪ್ಯಾಕೇಜುಗಳಷ್ಟೇ. ಅವನ್ನು ಮತ್ತೆ ಇಳಿಸಿಕೊಂಡು ಕೂರಿಸಿದರೆ ಕಂಪ್ಯೂಟರು ಎದ್ದು ಕೂರುತ್ತದೆ. ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಹಚ್ಚಿಕೊಡುತ್ತಿದ್ದ ಡೆಸ್ಕ್‌ಟಾಪೇ ಬರುತ್ತಿಲ್ಲವಲ್ಲ ಎಂಬುದೇ ತೊಡಕು.

ರಿಕವರಿ ಮೋಡ್ ಇರುವುದು ಇದಕ್ಕಾಗಿಯೇ. ಆನ್ ಮಾಡಿದ ಕೂಡಲೇ ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಕೀ ಒತ್ತಿ ಹಿಡಿಯಬೇಕು. ಯುಇಎಫ್ಐ ಇರುವ ಹೊಸ ಯಂತ್ರವಾದರೆ ಎಸ್ಕೇಪ್ ಕೀ ತಟ್ಟಬೇಕು. ಗ್ರಬ್ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಪ್ರತಿ ಕರ್ನೆಲ್ ಹೆಸರಿನ ಕೆಳಗೂ ಒಂದು ‘ರಿಕವರಿ ಮೋಡ್’ ಸಾಲಿರುತ್ತದೆ. ಅದನ್ನು ಆರಿಸಿದರೆ ರೆಸ್ಯೂಮ್, ಕ್ಲೀನ್, ಎಫ್‌ಎಸ್‌ಸಿಕೆ, ನೆಟ್‌ವರ್ಕ್, ರೂಟ್ ಎಂದೆಲ್ಲ ಬರೆದಿರುವ ಸಣ್ಣ ಪಟ್ಟಿ ಎದುರಾಗುತ್ತದೆ.

ಮೊದಲು ‘ನೆಟ್‌ವರ್ಕ್’ ಸಾಲನ್ನೇ ಒತ್ತಿ ನೋಡಿ. ಡಿಸ್ಕನ್ನು ಬರೆಯಲು ಬರುವಂತೆ ತೆರೆಯುತ್ತೇನೆ, ಸರಿಯೇ ಎಂದು ಕೇಳುತ್ತದೆ, ಹೂಂ ಅನ್ನಿ. ಕೆಲವೊಮ್ಮೆ ಇಷ್ಟಕ್ಕೇ ನೆಟ್ ಬಂದುಬಿಡುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಈ ಸಾಲು ನಡುವೆ ನಿಂತುಹೋಗುತ್ತದೆ, ಅಥವಾ ಎಲ್ಲ ಆಯಿತೆಂದು ಹೇಳಿಯೂ ನೆಟ್ ಇರುವುದಿಲ್ಲ. ನನ್ನನ್ನು ಕೇಳಿದರೆ ಅದರ ಮೇಲೆ ಹೆಚ್ಚು ಭರವಸೆ ಇಡಬಾರದು. ಕೈಯಿಂದ ಮಾಡುವ ದಾರಿ ಗೊತ್ತಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಎಂಬುದಾದರೂ ಕಣ್ಣಿಗೆ ಬೀಳುತ್ತದೆ.

ಇಲ್ಲಿ ವೈಫೈ ಆಸೆ ಬಿಟ್ಟುಬಿಡಿ. ಅದಕ್ಕೆ ಕಾರ್ಡಿನ ಫರ್ಮ್‌ವೇರ್ ಬೇಕು, ಪಾಸ್‌ವರ್ಡ್ ಬೇಕು, ಆ ಪಾಸ್‌ವರ್ಡನ್ನು ರೂಟರಿಗೆ ಒಪ್ಪಿಸುವ ಬೇರೆಯದೇ ಒಂದು ಪ್ರೋಗ್ರಾಮು ಓಡುತ್ತಿರಬೇಕು. ಲ್ಯಾನ್ ಕೇಬಲ್ಲಿಗೆ ಈ ರಗಳೆ ಯಾವುದೂ ಇಲ್ಲ. ಮನೆಯಲ್ಲಿ ಕೇಬಲ್ಲೂ ಇಲ್ಲ, ಬ್ರಾಡ್‌ಬ್ಯಾಂಡೂ ಇಲ್ಲವೆಂದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಬಹುದು. ಕಂಪ್ಯೂಟರಿನ ಮಟ್ಟಿಗೆ ಅದೂ ಒಂದು ಲ್ಯಾನ್ ಕಾರ್ಡೇ. ವೈರು ಮಾತ್ರ ಡೇಟಾ ಸಾಗಿಸುವಂಥದ್ದಾಗಿರಬೇಕು. ಅಗ್ಗದ ವೈರುಗಳಲ್ಲಿ ಎಷ್ಟೋ ಬರೀ ಚಾರ್ಜಿಂಗಿಗೆ ಲಾಯಕ್ಕು.

ಈಗ ಪಟ್ಟಿಯಿಂದ ‘ರೂಟ್’ ಆರಿಸಿ, ಎಂಟರ್ ಒತ್ತಿ. ಆದೇಶ ಟೈಪಿಸುವ ಸಾಲು ಬರುತ್ತದೆ. (ಮುಂದೆ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ, ಖಾಲಿ ಜಾಗ, ಗೆರೆ, ಚುಕ್ಕಿ ಇಲ್ಲಿರುವಂತೆಯೇ ಇರಲಿ.) ಡಿಸ್ಕ್ ಇನ್ನೂ ಓದಲಷ್ಟೇ ತೆರೆದಿದ್ದರೆ ಮೊದಲ ಆದೇಶ ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /’. ಇದನ್ನು ಮರೆತರೆ ಮುಂದೆ ಏನನ್ನು ಉಳಿಸಲು ಹೋದರೂ ‘ರೀಡ್-ಓನ್ಲಿ’ ಎಂಬ ಬೈಗುಳ ತಪ್ಪದು.

‘ಐಪಿ ಲಿಂಕ್’ ಎಂದು ಟೈಪಿಸಿದರೆ ಯಂತ್ರದಲ್ಲಿರುವ ನೆಟ್‌ವರ್ಕ್ ಕಿಂಡಿಗಳ ಪಟ್ಟಿ ಬರುತ್ತದೆ. ಮೊದಲನೆಯದು ‘ಎಲ್ಒ’, ಯಂತ್ರ ತನ್ನೊಂದಿಗೆ ತಾನೇ ಮಾತಾಡಿಕೊಳ್ಳುವ ಕಿಂಡಿ. ಅದು ನಮಗೆ ಬೇಡ. ‘ಡಬ್ಲ್ಯೂಎಲ್’ನಿಂದ ಶುರುವಾಗುವುದು ವೈಫೈ. ‘ಇಎನ್’ನಿಂದ ಶುರುವಾಗುವುದು ನಮ್ಮದು. ಹಿಂದೆ ಇದನ್ನು ‘ಇಟಿಎಚ್0’ ಎಂದು ಕರೆಯುತ್ತಿದ್ದರು. ಎರಡು ಕಾರ್ಡುಗಳಿದ್ದ ಯಂತ್ರದಲ್ಲಿ ಇವತ್ತಿನ 0 ನಾಳೆ 1 ಆಗುವ ಗೊಂದಲವಿತ್ತು. 2013ರಲ್ಲಿ ಬಂದ ಸಿಸ್ಟಮ್‌ಡಿಯ 197ನೇ ಆವೃತ್ತಿಯಿಂದೀಚೆಗೆ ಕಾರ್ಡು ಕೂತಿರುವ ಜಾಗವೇ ಅದರ ಹೆಸರು: ‘ಇಎನ್‌ಪಿ3ಎಸ್0’ ಎಂದರೆ ಪಿಸಿಐನ 3ನೇ ಬಸ್ಸಿನ 0ನೇ ಸ್ಲಾಟಿನಲ್ಲಿರುವ ಎತರ್ನೆಟ್. ನಿಮ್ಮಲ್ಲಿ ಅಂಕಿ ಬೇರೆ ಇರಬಹುದು, ಪರದೆಯಲ್ಲಿರುವುದನ್ನು ಹಾಗೇ ಬರೆದಿಟ್ಟುಕೊಳ್ಳಿ. ಟೆದರಿಂಗ್ ಮಾಡಿದ ಫೋನು ‘ಇಎನ್ಎಕ್ಸ್’ ಎಂದು ಶುರುವಾಗುವ ಉದ್ದನೆಯ ಹೆಸರಿನಲ್ಲೋ ‘ಯುಎಸ್‌ಬಿ0’ ಎಂದೋ ಕಾಣಿಸಿಕೊಳ್ಳುತ್ತದೆ.

ಆ ಸಾಲಿನಲ್ಲಿ ‘ಸ್ಟೇಟ್ ಡೌನ್’ ಎಂದಿದ್ದರೆ ಗಾಬರಿ ಬೇಡ. ಅದನ್ನು ಎಬ್ಬಿಸುವವರು ಇಷ್ಟು ಹೊತ್ತು ಯಾರೂ ಇರಲಿಲ್ಲ, ಅಷ್ಟೆ. ‘ಐಪಿ ಲಿಂಕ್ ಸೆಟ್ ಇಎನ್‌ಪಿ3ಎಸ್0 ಅಪ್’ ಎಂದು ಎಬ್ಬಿಸಿ, ಒಂದೆರಡು ಸೆಕೆಂಡು ಬಿಟ್ಟು ಮತ್ತೆ ‘ಐಪಿ ಲಿಂಕ್’ ನೋಡಿ. ‘ಲೋಯರ್_ಅಪ್’ ಎಂದು ಕಂಡರೆ ಕೇಬಲ್ಲಿನ ಆ ತುದಿಯಲ್ಲಿ ಜೀವವಿದೆ. ‘ನೋ-ಕ್ಯಾರಿಯರ್’ ಎಂದಿದ್ದರೆ ಇನ್ನು ಯಾವ ಆದೇಶ ಹೊಡೆದರೂ ದಂಡ, ಎದ್ದುಹೋಗಿ ಕೇಬಲ್ ನೋಡಿ. ತುದಿಯ ಆರ್‌ಜೆ45 ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು, ಸೇರಿದಂತೆ ಕಂಡರೂ ಅರ್ಧ ಹೊರಗೇ ಇರುವುದು ದಿನನಿತ್ಯದ ಸಂಗತಿ. ‘ಟಕ್’ ಎಂದು ಕೂರುವವರೆಗೆ ಒತ್ತಿ. ರೂಟರಿನ ಬೇರೆ ಕಿಂಡಿಗೆ ಹಾಕಿ ನೋಡಿ. ಪಕ್ಕದ ಪುಟ್ಟ ದೀಪ ಹತ್ತಿದರೆ ಸಂಪರ್ಕ ಸಿಕ್ಕಿತೆಂದೇ ಅರ್ಥ. ‘ಇಎನ್’ ಸಾಲೇ ಇಲ್ಲವೆಂದರೆ ಆ ಕರ್ನೆಲ್ಲಿಗೆ ಕಾರ್ಡಿನ ಡ್ರೈವರ್ ಸಿಕ್ಕಿಲ್ಲ. ಗ್ರಬ್ ಪಟ್ಟಿಗೆ ಹಿಂತಿರುಗಿ ಹಳೆಯ ಕರ್ನೆಲ್ಲಿನ ರಿಕವರಿ ಸಾಲನ್ನು ಹಿಡಿಯುವುದು ವಾಸಿ.

ಮುಂದಿನದು ವಿಳಾಸ. ರೂಟರಿನಿಂದ ವಿಳಾಸ ಬೇಡಿ ತರುವ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ‘ಡಿಎಚ್‌ಕ್ಲೈಂಟ್ -ವಿ ಇಎನ್‌ಪಿ3ಎಸ್0’ ಎಂದರೆ ಆ ಮಾತುಕತೆ ಪರದೆಯ ಮೇಲೆಯೇ ನಡೆಯುತ್ತದೆ. ನಮ್ಮ ಯಂತ್ರ ‘ಡಿಸ್ಕವರ್’ ಎಂದು ಕೂಗುತ್ತದೆ, ರೂಟರು ‘ಆಫರ್’ ಎಂದು ಒಂದು ವಿಳಾಸ ಮುಂದಿಡುತ್ತದೆ, ನಾವು ‘ರಿಕ್ವೆಸ್ಟ್’ ಎನ್ನುತ್ತೇವೆ, ಅದು ‘ಎಸಿಕೆ’ ಎಂದು ಒಪ್ಪುತ್ತದೆ. ಡಿಸ್ಕವರ್ ಒಂದೇ ಸಾಲು ಮೇಲಿಂದ ಮೇಲೆ ಬರುತ್ತಿದ್ದರೆ ಆ ಕಡೆ ಯಾರೂ ಓಗೊಡುತ್ತಿಲ್ಲ ಎಂದು ತಿಳಿಯಿರಿ. ಡಿಎಚ್‌ಕ್ಲೈಂಟಿನ ಉಸ್ತುವಾರಿಯನ್ನು ಅದನ್ನು ಬರೆದ ಸಂಸ್ಥೆ 2022ರಲ್ಲೇ ನಿಲ್ಲಿಸಿತು. ಉಬುಂಟು 24.04ರಂಥ ಹೊಸ ಆವೃತ್ತಿಗಳಲ್ಲಿ ಅದು ಇರಲಿಕ್ಕಿಲ್ಲ. ಆಗ ‘ಡಿಎಚ್‌ಸಿಪಿಸಿಡಿ ಇಎನ್‌ಪಿ3ಎಸ್0’ ಎನ್ನಿ.

ಎರಡೂ ಕೈಕೊಟ್ಟರೆ ವಿಳಾಸವನ್ನು ನಾವೇ ಕೊಡಬಹುದು: ‘ಐಪಿ ಆಡ್ರ್ ಆಡ್ 192.168.1.50/24 ಡೆವ್ ಇಎನ್‌ಪಿ3ಎಸ್0’, ಆಮೇಲೆ ‘ಐಪಿ ರೂಟ್ ಆಡ್ ಡಿಫಾಲ್ಟ್ ವಯಾ 192.168.1.1’. ‘ಆಡ್ರ್’ ಎಂದರೆ ಇಲ್ಲಿ ಎ, ಡಿ, ಡಿ, ಆರ್ ಎಂಬ ನಾಲ್ಕಕ್ಷರ; ‘ರೂಟ್’ ಎಂದರೆ ಆರ್, ಒ, ಯು, ಟಿ, ಇ ಎಂಬ ಐದಕ್ಷರ, ಪಟ್ಟಿಯಲ್ಲಿದ್ದ ‘ರೂಟ್’ ಅಲ್ಲ. ಕೊನೆಯ ಆದೇಶದಲ್ಲಿರುವುದು ರೂಟರಿನ ವಿಳಾಸ. ಅದು ಎಲ್ಲ ಮನೆಗೂ ಒಂದೇ ಅಲ್ಲ. ಜಿಯೋ ಫೈಬರಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 192.168.29.1 ಇರುತ್ತದೆ, ಅಲ್ಲಿ ನಮ್ಮ ವಿಳಾಸವೂ 192.168.29ರಿಂದಲೇ ಶುರುವಾಗಬೇಕು. ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿ ನೋಡಿದರೆ ಹೆಚ್ಚಾಗಿ ತಿಳಿಯುತ್ತದೆ.

ಇನ್ನು ಪರೀಕ್ಷೆ. ‘ಪಿಂಗ್ -ಸಿ 3 8.8.8.8’ ಎಂದರೆ ಗೂಗಲ್ಲಿನ ಒಂದು ಸಾರ್ವಜನಿಕ ಸರ್ವರನ್ನು ಮೂರು ಸಲ ಕರೆದು ನೋಡಿದಂತೆ. ಉತ್ತರ ಬಂದರೆ ನೆಟ್ ಇದೆ. ಇಷ್ಟಾಗಿಯೂ ಅಪ್‌ಡೇಟ್ ಹೊಡೆದರೆ ಹೆಸರು ಸಿಗುತ್ತಿಲ್ಲ ಎನ್ನುವ ದೂರು ಬರಬಹುದು. ಬಹಳ ಜನ ಸೋಲುವುದು ಇಲ್ಲೇ. ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಬ್ರಾಡ್‌ಬ್ಯಾಂಡಿನವರಿಗೆ ಫೋನ್ ಹಚ್ಚಿ ಬಯ್ಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ. ಕೆಟ್ಟಿರುವುದು ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್ಎಸ್ ಒಂದೇ.

ಕಾರಣ ಇಷ್ಟು. ಯಾರನ್ನು ಕೇಳಿ ಹೆಸರು ಬಿಡಿಸಬೇಕು ಎಂಬುದು ‘/ಇಟಿಸಿ/ರಿಸಾಲ್ವ್.ಕಾನ್ಫ್’ ಕಡತದಲ್ಲಿರುತ್ತದೆ. ಈಗಿನ ಉಬುಂಟುವಿನಲ್ಲಿ ಅದು ನಿಜವಾದ ಕಡತವಲ್ಲ, ‘/ರನ್’ ಫೋಲ್ಡರಿನೊಳಗಿರುವ ಇನ್ನೊಂದು ಕಡತದತ್ತ ಬೆರಳು ಮಾಡುವ ಕೊಂಡಿ. ಆ ಕಡತವನ್ನು ಬರೆಯುವುದು ‘ಸಿಸ್ಟಮ್‌ಡಿ-ರಿಸಾಲ್ವ್‌ಡಿ’ ಎಂಬ ಸೇವೆ. ರಿಕವರಿಯಲ್ಲಿ ಆ ಸೇವೆ ಎದ್ದಿರದಿದ್ದರೆ ಕೊಂಡಿ ತೋರಿಸುವ ಜಾಗದಲ್ಲಿ ಏನೂ ಇರುವುದಿಲ್ಲ. ‘ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಸಿಸ್ಟಮ್‌ಡಿ-ರಿಸಾಲ್ವ್‌ಡಿ’ ಎಂದು ಎಬ್ಬಿಸಿ ನೋಡಿ. ಏಳದಿದ್ದರೆ ‘ಎಂವಿ /ಇಟಿಸಿ/ರಿಸಾಲ್ವ್.ಕಾನ್ಫ್ /ಇಟಿಸಿ/ರಿಸಾಲ್ವ್.ಹಳೆ’ ಎಂದು ಕೊಂಡಿಯನ್ನು ಪಕ್ಕಕ್ಕಿಟ್ಟು (‘ಹಳೆ’ ಬದಲು ಯಾವ ಹೆಸರಾದರೂ ಆದೀತು), ‘ಎಕೋ ನೇಮ್‌ಸರ್ವರ್ 8.8.8.8 > /ಇಟಿಸಿ/ರಿಸಾಲ್ವ್.ಕಾನ್ಫ್’ ಎಂದು ಹೊಸ ಕಡತ ಮಾಡಿ.

ನೆಟ್ ಬಂದ ಮೇಲಿನ ಕೆಲಸ ಚಿಕ್ಕದು. ‘ಡಿಪಿಕೆಜಿ --ಕಾನ್ಫಿಗರ್ -ಎ’ ಅರ್ಧಕ್ಕೆ ನಿಂತವನ್ನು ಪೂರ್ತಿ ಮಾಡುತ್ತದೆ. ‘ಎಪಿಟಿ ಅಪ್‌ಡೇಟ್’, ಆಮೇಲೆ ‘ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಹೊಡೆದರೆ ಬಿಟ್ಟುಹೋದವು ಇಳಿದು ಬರುತ್ತವೆ. ಹಳೆಯ ಯಂತ್ರವಾದರೆ ‘ಡೇಟ್’ ಎಂದು ಟೈಪಿಸಿ ತಾರೀಕನ್ನೊಮ್ಮೆ ನೋಡಿಕೊಳ್ಳಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಿರುತ್ತದೆ. ಆಗ ಸರ್ವರಿನ ಪಟ್ಟಿಗೆ ಇನ್ನೂ ಕಾಲ ಬಂದಿಲ್ಲ ಎಂದು ಹೇಳಿ ಎಪಿಟಿ ಮುಷ್ಕರ ಹೂಡುತ್ತದೆ.

ಎಲ್ಲ ಮುಗಿದ ಮೇಲೆ ಪಟ್ಟಿಯ ‘ರೆಸ್ಯೂಮ್’ ಒತ್ತಬೇಡಿ. ಆ ದಾರಿಯಲ್ಲಿ ಎಲ್ಲ ಗ್ರಾಫಿಕ್ಸ್ ಡ್ರೈವರುಗಳೂ ಸರಿಯಾಗಿ ಓಡುವುದಿಲ್ಲ, ಸರಿಯಾದದ್ದೂ ಕೆಟ್ಟಂತೆ ಕಾಣುತ್ತದೆ. ರಿಸಾಲ್ವ್ ಕಡತವನ್ನು ಪಕ್ಕಕ್ಕಿಟ್ಟಿದ್ದರೆ ‘ಎಂವಿ /ಇಟಿಸಿ/ರಿಸಾಲ್ವ್.ಹಳೆ /ಇಟಿಸಿ/ರಿಸಾಲ್ವ್.ಕಾನ್ಫ್’ ಎಂದು ಮೊದಲಿನ ಜಾಗಕ್ಕೆ ತಂದಿಟ್ಟು, ‘ರೀಬೂಟ್’ ಎಂದು ಟೈಪಿಸಿ ಎಂಟರ್ ಒತ್ತಿ.